ಏಣಿಯ ಕೆಳಗಿನ ಆರು ಕಿವಿಗಳು

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬುಪೆ ಸಂಪಾ ಗಣಿಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು.

ಮೇ ಒಂದರಿಂದ ಹದಿನಾರರವರೆಗಿನ ದಾಖಲೆ ಇರಲಿಲ್ಲ.

ಒಂದನೇ ಫೋಲ್ಡರ್ ತೆರೆದಳು. ಏಪ್ರಿಲ್ ಮೂವತ್ತಕ್ಕೆ ನಿಂತಿತ್ತು. ಎರಡನೆಯದರಲ್ಲೂ ಅಷ್ಟೇ. ಹತ್ತು, ಇಪ್ಪತ್ತು, ಮೂವತ್ತಾರು... ಎಲ್ಲ ಕಡೆ ಅದೇ ಹದಿನಾರು ದಿನ ಮಾಯ.

ಆ ಹದಿನಾರನೆಯ ದಿನ, ಗುರುವಾರ, ಕಪೋಲೋ ತಾಮ್ರದ ಗಣಿಯಲ್ಲಿ ಮೂರು ಸಾವಿರದ ಇನ್ನೂರು ಅಡಿ ಆಳದಲ್ಲಿ ಬಂಡೆ ಸಿಡಿದು ಏಳು ಜನ ಸತ್ತಿದ್ದರು. ಏಳರಲ್ಲಿ ಒಬ್ಬ ಬುಪೆಯ ಅಣ್ಣ ಚಿಲೆಕ್ವಾ.

ಸಿಡಿಯುವ ಮೊದಲು ಬಂಡೆ ಸಣ್ಣಗೆ ಸದ್ದು ಮಾಡುತ್ತದೆ. ಮನುಷ್ಯರಿಗೆ ಕೇಳಿಸದಷ್ಟು ಸಣ್ಣಗೆ. ಅದನ್ನು ಹಿಡಿಯಲೆಂದೇ ಸುರಂಗದ ಗೋಡೆಗಳಲ್ಲಿ ಮೂವತ್ತಾರು ಯಂತ್ರಗಳನ್ನು ನೆಟ್ಟಿದ್ದರು. ಗಣಿಯವರು ಅವನ್ನು ಕಿವಿ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಒಂದೊಂದು ಕಿವಿಗೆ ಒಂದು ಫೋಲ್ಡರ್. ಅದರೊಳಗೆ ದಿನಕ್ಕೊಂದು ಫೋಲ್ಡರ್. ಅದರೊಳಗೆ ಆ ದಿನದ ಸದ್ದು ತುಂಬಿದ ಫೈಲುಗಳು. ಬಂಡೆ ಮೊದಲೇ ಎಚ್ಚರಿಕೆ ಕೊಟ್ಟಿತ್ತೆ? ಕೊಟ್ಟಿದ್ದರೂ ಏಳು ಜನರನ್ನು ಕೆಳಗೆ ಇಳಿಸಿದರೆ? ಸಾವಿನ ವಿಚಾರಣೆ ನಡೆಸುವ ಮ್ಯಾಜಿಸ್ಟ್ರೇಟರು ಶುಕ್ರವಾರ ಆಜ್ಞೆ ಕಳಿಸಿದ್ದರು: ಸೋಮವಾರ ಮಧ್ಯಾಹ್ನದೊಳಗೆ ದಾಖಲೆಯ ಪ್ರತಿ ಬರಬೇಕು.

"ನಿನ್ನ ಪೊರಕೆ ತಿಂದಿದೆ," ಎಂಬ ಮಾತು ಬೆನ್ನ ಹಿಂದಿನಿಂದ ಬಂತು. ಬಂಡೆಯ ಸದ್ದು ನೋಡುವ ವಿಭಾಗದ ಮುಖ್ಯಸ್ಥ, ಇಂಜಿನಿಯರ್ ಎವರಿಸ್ಟೊ ಕಪೆಂಬ್ವಾ. "ಇನ್ನೇನು ಆಗಿರುತ್ತೆ?"

ಪೊರಕೆ ಅಂದರೆ ಬುಪೆ ಸಿ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಂ. ಪ್ರತಿ ಶನಿವಾರ ಸಂಜೆ ಐದಕ್ಕೆ ತಾನಾಗಿ ಎದ್ದು ಎಲ್ಲ ಫೋಲ್ಡರುಗಳನ್ನು ಸುತ್ತಿ, ತೊಂಬತ್ತು ದಿನ ದಾಟಿದ ದಾಖಲೆಯನ್ನು ಅಳಿಸಿ ಜಾಗ ಮಾಡಿಕೊಡುತ್ತಿತ್ತು. ಎರಡು ವರ್ಷದಲ್ಲಿ ಒಂದು ತಪ್ಪು ಮಾಡಿರಲಿಲ್ಲ. ಆದರೆ ಕಳೆದ ಶುಕ್ರವಾರ ಬುಪೆ ಅದರಲ್ಲಿ ಒಂದು ಸಾಲು ತಿದ್ದಿದ್ದಳು. ಅಣ್ಣನನ್ನು ಮಣ್ಣು ಮಾಡಿ ಆಗಿನ್ನೂ ಐದೇ ದಿನ. ತಿದ್ದುವಾಗ ಅಕ್ಷರಗಳು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಅವಳು ಮಾಡಿದ ಮೊದಲ ಕೆಲಸ ಪೊರಕೆಯನ್ನು ನಿಲ್ಲಿಸಿದ್ದು. ಎರಡನೆಯದು, ತಿದ್ದಿದ ಆ ಸಾಲನ್ನು ತೆರೆದು ಮತ್ತೆ ಓದಿದ್ದು.

ಸಂಜೆಯ ಹೊತ್ತಿಗೆ ಸುದ್ದಿ ಗಣಿಗಾರರ ಮನೆಗಳ ಸಾಲಿಗೆಲ್ಲ ಮುಟ್ಟಿತ್ತು. ಅಣ್ಣನ ಮನೆಯ ಅಂಗಳದಲ್ಲಿ ಅತ್ತಿಗೆ ಸೊಪ್ಪು ಸೋಸುತ್ತಿದ್ದಳು. ಮಗಳು ಸುವಿ ಹುಟ್ಟಿದ ಮೇಲೆ ಅವಳನ್ನು ಎಲ್ಲರೂ ಕರೆಯುವುದು ಬನಾ ಸುವಿ, ಸುವಿಯ ತಾಯಿ ಎಂದೇ. ಬುಪೆಯನ್ನು ಕಂಡು ಎದ್ದು ನಿಂತಳು.

"ಒಳಗೆ ಬರಬೇಡ."

"ಅತ್ತಿಗೆ, ನಾನು ಬೇಕು ಅಂತ—"

"ನಿಮ್ಮಣ್ಣನ್ನ ಬಂಡೆ ಕೊಂದಿತು. ಅದು ಯಾಕೆ ಅನ್ನೋದನ್ನ ನೀನು ಕೊಂದೆ. ಹೋಗು."

* * *

ಮಂಗಳವಾರ ಕಿಟ್ವೆ ನಗರದಿಂದ ಪೊಲೀಸ್ ಇನ್ಸ್‌ಪೆಕ್ಟರ್ ಫೆಬಿ ಲೊಂಬೆ ಬಂದರು. ಐವತ್ತು ದಾಟಿದ ಹೆಂಗಸು. ಸಮವಸ್ತ್ರದ ಮೇಲೆ ಬೂದು ಸ್ವೆಟರ್, ವಿಪರೀತ ನೆಗಡಿ. ಕುರ್ಚಿಯನ್ನು ಬುಪೆಯ ಪಕ್ಕಕ್ಕೇ ಎಳೆದುಕೊಂಡು ಕೂತರು.

"ನಂಗೆ ಕಂಪ್ಯೂಟರ್ ಬರಲ್ಲಮ್ಮ. ಮೊದಲೇ ಹೇಳ್ಬಿಟ್ಟಿದೀನಿ. ಈ ನಿನ್ನ ಪೊರಕೆ ಹೆಂಗೆ ಓಡಾಡುತ್ತೆ?"

"ಮೇಡಂ, ಅದು ಮೊದಲು ದೊಡ್ಡ ಫೋಲ್ಡರಿನ ಬಾಗಿಲು ತೆಗಿಯುತ್ತೆ. ಒಳಗೆ ಏನೇನಿದೆ ಅಂತ ಒಂದೊಂದೇ ಹೆಸರು ಕೇಳುತ್ತೆ. ಫೈಲ್ ಆದ್ರೆ ಎಷ್ಟು ಹಳೇದು ಅಂತ ನೋಡುತ್ತೆ. ಇನ್ನೊಂದು ಫೋಲ್ಡರ್ ಆದ್ರೆ ಅದರೊಳಗೆ ಇಳಿದು ಮತ್ತೆ ಇದೇ ಕೆಲಸ. ತಳ ಮುಟ್ಟಿದ ಮೇಲೆ ಬಾಗಿಲು ಹಾಕ್ಕೊಂಡು ಬಂದ ದಾರೀಲೇ ವಾಪಸ್ಸು."

"ಕಳೆದು ಹೋಗಲ್ವಾ?"

"ಬರೆಯೋರು ಎಚ್ಚರ ತಪ್ಪಿದ್ರೆ ಹೋಗುತ್ತೆ. ಪ್ರತಿ ಫೋಲ್ಡರಲ್ಲೂ ಬರೀ ಚುಕ್ಕೆಯ ಹೆಸರು ಎರಡು ಇರ್ತವೆ. ಒಂದು ಚುಕ್ಕೆ ಅಂದ್ರೆ ಇದೇ ಕೋಣೆ, ಎರಡು ಚುಕ್ಕೆ ಅಂದ್ರೆ ಹಿಂದಿನ ಕೋಣೆ. ಅವೆರಡನ್ನ ಬಿಟ್ಟು ಮುಂದೆ ಹೋಗು ಅಂತ ಹೇಳದೇ ಇದ್ರೆ, ಅಲ್ಲಲ್ಲೇ ಸುತ್ತುತಾ ಇರುತ್ತೆ."

"ನೀನು ಹೇಳಿದೀಯ?"

"ಹೇಳಿದೀನಿ." ಬುಪೆಯ ದನಿ ಸಣ್ಣದಾಯಿತು. "ಹೇಳಿದೀನಿ ಅಂದ್ಕೊಂಡಿದೀನಿ."

ಲೊಂಬೆ ಮೂಗು ಒರೆಸಿಕೊಂಡು ಅವಳನ್ನೇ ನೋಡಿದರು. "ನೀನು ಬರೆದಿದ್ದು ನಿನಗೇ ನಂಬಿಕೆ ಇಲ್ಲ?"

"ನಿನ್ನೆಯಿಂದ ನಲವತ್ತು ಸಲ ಓದಿದೀನಿ ಮೇಡಂ. ತಪ್ಪು ಸಿಕ್ತಿಲ್ಲ. ಆದ್ರೆ ಫೈಲುಗಳೂ ಇಲ್ಲ."

"ಮೂವತ್ತಾರು ಕೋಣೆ. ಯಾವುದಕ್ಕೆ ಮೊದಲು ಹೋಗುತ್ತೆ? ಒಂದನೇ ನಂಬರಿಗಾ?"

"ಇಲ್ಲ. ಡಿಸ್ಕ್ ಯಾವ ಹೆಸರು ಮೊದಲು ಕೊಡುತ್ತೋ ಅದಕ್ಕೆ. ಅದು ನಂಬರ್ ಪ್ರಕಾರಾನೂ ಅಲ್ಲ, ಅಕ್ಷರದ ಪ್ರಕಾರಾನೂ ಅಲ್ಲ. ಡಿಸ್ಕಿಂದು ಅದರದ್ದೇ ಲೆಕ್ಕ. ನಮ್ಮದ್ರಲ್ಲಿ ಮೊದಲು ಬರೋದು ಮೂವತ್ಮೂರು, ಆಮೇಲೆ ಆರು, ಆಮೇಲೆ ಇಪ್ಪತ್ತೊಂದು. ಯಾವತ್ತೂ ಅದೇ."

ಇನ್ಸ್‌ಪೆಕ್ಟರ್ ತಮ್ಮ ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು: ಮೂವತ್ಮೂರು, ಆರು, ಇಪ್ಪತ್ತೊಂದು. ಆಮೇಲೆ ಕೇಳಿದ ಪ್ರಶ್ನೆಗೆ ಬುಪೆ ತಬ್ಬಿಬ್ಬಾದಳು.

"ಖಾಲಿ ಕೋಣೆ ಏನಾದ್ರೂ ಹೇಳುತ್ತಾ?"

"ಅಂದ್ರೆ?"

"ಕಳ್ಳತನ ಆದ ಮನೆಗೆ ಹೋದಾಗ ನಾನು ಹೋದ ಸಾಮಾನು ನೋಡಲ್ಲ. ಅದು ಇಲ್ವಲ್ಲ, ಏನು ನೋಡೋದು? ಬಾಗಿಲು ನೋಡ್ತೀನಿ."

ಬುಪೆ ಪರದೆಯ ಮೇಲಿನ ಫೋಲ್ಡರುಗಳ ಕಡೆ ತಿರುಗಿದಳು. ಎರಡು ದಿನದಿಂದ ಅವಳು ಫೈಲುಗಳನ್ನು ಹುಡುಕಿದ್ದಳು. ಕಪೆಂಬ್ವಾ ಫೈಲುಗಳನ್ನು ಹುಡುಕಿದ್ದ. ದಾಖಲೆಯ ಪ್ರತಿ ತೆಗೆದಿಡುವ ಎರಡನೇ ಡಿಸ್ಕು ಮಾರ್ಚಿನಲ್ಲೇ ಕೆಟ್ಟಿದ್ದರಿಂದ ಅಲ್ಲೂ ಸಿಕ್ಕಿರಲಿಲ್ಲ. ಫೋಲ್ಡರುಗಳನ್ನು ಯಾರೂ ಏನೂ ಕೇಳಿರಲಿಲ್ಲ.

"ಹೇಳುತ್ತೆ ಮೇಡಂ," ಎಂದಳು ನಿಧಾನವಾಗಿ. "ಒಂದು ಫೋಲ್ಡರಿಂದ ಏನಾದ್ರೂ ತೆಗೆದ್ರೆ, ಆ ಹೊತ್ತು ಅದರ ಮೇಲೆ ಅಂಟಿಕೊಂಡಿರುತ್ತೆ. ಕೊನೆಯ ಸಲ ಕೈ ಹಾಕಿದ್ದು ಯಾವಾಗ ಅಂತ."

"ಮೂವತ್ತಾರಕ್ಕೂ ಇದೆಯಾ?"

"ಇರಬೇಕು. ನಾನು ಪೊರಕೆ ನಿಲ್ಲಿಸಿದ್ಮೇಲೆ ಯಾರೂ ಏನೂ ಮುಟ್ಟಿಲ್ಲ."

"ಹಂಗಾದ್ರೆ ಬರಿ, ಇನ್ನೊಂದು ಪ್ರೋಗ್ರಾಂ. ಇದು ಗುಡಿಸೋದು ಬೇಡ. ಸುಮ್ಮನೆ ಮನೆಮನೆಗೆ ಹೋಗಿ ಬಾಗಿಲು ನೋಡ್ಕೊಂಡು ಬರಲಿ."

ಬುಪೆ ಬರೆಯಲು ಕೂತಳು. ಬಾಗಿಲು ತೆಗೆ, ಹೆಸರು ಕೇಳು, ಚುಕ್ಕೆಗಳನ್ನು ಬಿಡು, ಸಮಯ ಕೇಳು, ಬರೆದಿಡು, ಮುಂದೆ ಹೋಗು. ಐವತ್ತು ಸಾಲೂ ಆಗಲಿಲ್ಲ. ಆದರೂ ಒಂದೊಂದು ಸಾಲನ್ನೂ ಮೂರು ಮೂರು ಸಲ ನೋಡಿದಳು. ಎಷ್ಟೋ ವರ್ಷದಿಂದ ನಡೆಯುತ್ತಿದ್ದ ಕಾಲು ಇವತ್ತು ನೆಲ ತಡಕುತ್ತಿತ್ತು.

* * *

ಅವಳು ಬರೆಯುತ್ತಿದ್ದ ಹೊತ್ತಿಗೆ ಲೊಂಬೆ ಅದೇ ಕೋಣೆಯ ಆ ಮೂಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆಸಿದರು. ಆ ಕಂಪ್ಯೂಟರನ್ನು ತೆರೆಯಬಲ್ಲವರು ನಾಲ್ಕೇ ಜನ. ನಾಲ್ವರಿಗೂ ಒಂದೇ ಗುಪ್ತಪದ.

ಮೊದಲು ಕಪೆಂಬ್ವಾ.

"ಶನಿವಾರ ಸಂಜೆ ಎಲ್ಲಿದ್ರಿ?"

"ಇಲ್ಲೇ. ಆರರವರೆಗೆ ಪಕ್ಕದ ಕೋಣೇಲಿ ವರದಿ ಬರೀತಿದ್ದೆ."

"ದಿನಾ ಬೆಳಿಗ್ಗೆ ಬಂಡೆಯ ಸದ್ದು ನೋಡೋದು ನೀವಲ್ವಾ? ಮೇ ತಿಂಗಳಲ್ಲಿ ಹೆಂಗಿತ್ತು?"

"ತಣ್ಣಗಿತ್ತು. ಇಲ್ಲದಿದ್ರೆ ಕೆಲಸ ನಿಲ್ಲಿಸ್ತಿರಲಿಲ್ವಾ?"

"ದಿನಾನೂ ತಣ್ಣಗೆ?"

"ದಿನಾನೂ. ಕಿವಿಗಳ ನಂಬರುಗಳೆಲ್ಲ ಒಂದರಿಂದ ಸಾಲಾಗಿ ಪಟ್ಟಿಯಲ್ಲಿ ಬರ್ತವೆ. ಹಸಿರು ಅಂದ್ರೆ ಸರಿ, ಕೆಂಪು ಅಂದ್ರೆ ನಿಲ್ಸು. ಎಲ್ಲ ಹಸಿರಿತ್ತು."

"ಒಳಗಡೆ ತೆರೆದು ನೋಡ್ತಿದ್ರಾ?"

"ಹಸಿರಿದ್ದಾಗ ಯಾಕೆ ನೋಡ್ಬೇಕು?"

ಆಮೇಲೆ ಗರ್ಷಮ್ ಸಿಚೋನೆ. ನೆಲದಡಿಯ ಕೆಲಸಕ್ಕೆಲ್ಲ ಅವನೇ ಮ್ಯಾನೇಜರು. ದೊಡ್ಡ ದೇಹ, ದೊಡ್ಡ ದನಿ. ಕೂರಲಿಲ್ಲ.

"ಆ ಹುಡುಗಿ ಒಪ್ಕೊಂಡಿದಾಳಲ್ಲ ಮೇಡಂ? ಇನ್ನೂ ಏನು ಕೇಳ್ತೀರಿ?"

"ಅವಳು ಒಪ್ಕೊಂಡಿಲ್ಲ, ಹೆದರಿದಾಳೆ. ಶನಿವಾರ ನೀವು?"

"ಐದೂಕಾಲಿಗೆ ಬಂದೆ. ಫೋನ್ ಮಾಡೋಕೆ. ಐದು ನಿಮಿಷ ಇದ್ದು ಹೋದೆ."

"ಬಂದಾಗ ಕಂಪ್ಯೂಟರ್ ಹತ್ರ ಯಾರಿದ್ರು?"

"ಮುದುಕ ಇದ್ದ. ಬಾಶಿ ಮ್ವಾಕಾ. ತನ್ನ ಕೈಯಂತ್ರ ಚಾರ್ಜಿಗೆ ಹಾಕ್ತಿದ್ದ. ಅವನಿಗೇನು ಗೊತ್ತು ಪಾಪ, ಎರಡು ಬೆರಳಲ್ಲಿ ಅಕ್ಷರ ಒತ್ತೋನು."

"ದಾಖಲೆ ಹೋಗಿದ್ರಿಂದ ನಿಮಗೆ ಒಳ್ಳೇದೇ ಆಯ್ತು ಅಂತ ಜನ ಮಾತಾಡ್ತಿದಾರೆ."

"ಜನ ಏನು ಬೇಕಾದ್ರೂ ಮಾತಾಡ್ತಾರೆ!" ಸಿಚೋನೆಯ ದನಿಗೆ ಕಿಟಕಿಯ ಗಾಜು ಅದುರಿತು. "ನಾನು ಹಸಿರು ನೋಡಿ ಕಳಿಸಿದೆ. ಏಳು ಜನರ ಮನೆಗೂ ಹೋಗಿ ತಲೆ ತಗ್ಗಿಸಿ ನಿಂತೆ. ನೀವು ಹೋಗಿದ್ರಾ?"

ಕೊನೆಗೆ ಬಾಶಿ ಮ್ವಾಕಾ. ಮೂವತ್ತೊಂದು ವರ್ಷ ಈ ಗಣಿಯಲ್ಲಿ ಕಳೆದವರು. ಬಾಶಿ ಮ್ವಾಕಾ ಅಂದರೆ ಮ್ವಾಕಾನ ತಂದೆ; ಆ ಹಿರಿಯ ಮಗ ಸತ್ತು ಬಹಳ ಕಾಲವಾಗಿತ್ತು. ಆಳದ ಕಿವಿಗಳಿಂದ ಮೇಲಿನವರೆಗೆ ತಂತಿ ಎಳೆದಿರಲಿಲ್ಲ. ದಿನವೂ ಬಾಶಿ ಮ್ವಾಕಾ ಇಳಿದು, ಒಂದೊಂದು ಕಿವಿಯ ಹತ್ತಿರ ನಿಂತು, ಅದು ಕೇಳಿಸಿಕೊಂಡದ್ದನ್ನು ಕೈಯಂತ್ರಕ್ಕೆ ತುಂಬಿಕೊಂಡು ಬಂದು ಕಂಪ್ಯೂಟರಿಗೆ ಇಳಿಸುತ್ತಿದ್ದರು. ಫೈಲನ್ನು ಎಲ್ಲಿ ಇಡಬೇಕು, ತಪ್ಪಿದರೆ ಹೇಗೆ ಅಳಿಸಬೇಕು ಎಂದು ಅವರಿಗೆ ಕಲಿಸಿದ್ದು ಬುಪೆ. ತಂದೆಯಿಲ್ಲದ ಬುಪೆ, ಚಿಲೆಕ್ವಾ ಇಬ್ಬರನ್ನೂ ಈ ಗಣಿಗೆ ಕರೆತಂದು ಕೆಲಸಕ್ಕೆ ಹಚ್ಚಿದ್ದು ಅವರು. ಚಿಲೆಕ್ವಾನನ್ನು ಮಣ್ಣು ಮಾಡುವ ಗುಂಡಿಗೆ ಮೊದಲ ಗುದ್ದಲಿ ಹಾಕಿದ್ದೂ ಅವರೇ.

"ಕೂತ್ಕೊಳ್ಳಿ ತಾತಾ," ಎಂದರು ಲೊಂಬೆ. "ಶನಿವಾರ?"

"ಕೈಯಂತ್ರ ಚಾರ್ಜಿಗೆ ಹಾಕಿ ಮನೆಗೆ ಹೋದೆ." ಮಾತು ಮುಗಿಯುವ ಮುಂಚೆ ಕೆಮ್ಮು ಬಂತು. "ಧೂಳು, ತಾಯಿ. ಗಣಿಯವರಿಗೆಲ್ಲ ಇದ್ದದ್ದೇ."

"ಈ ಹುಡುಗಿ ತಪ್ಪು ಮಾಡಿದಾಳೆ ಅನ್ಸುತ್ತಾ?"

ಬಾಶಿ ಮ್ವಾಕಾ ಬುಪೆಯ ಕಡೆ ನೋಡಲಿಲ್ಲ. "ಯಂತ್ರಗಳು ತಪ್ಪು ಮಾಡ್ತವೆ. ಅವಳನ್ನ ಬಯ್ಯಬೇಡಿ."

* * *

ಮಧ್ಯಾಹ್ನ ಪಟ್ಟಿ ಹೊರಗೆ ಬಂತು. ಮೂವತ್ತಾರು ಸಾಲು, ಸಮಯದ ಕ್ರಮದಲ್ಲಿ ಜೋಡಿಸಿದ್ದು. ಬುಪೆ ಕಾಗದವನ್ನು ಕೈಗೆತ್ತಿಕೊಂಡವಳು ಎದ್ದು ನಿಂತುಬಿಟ್ಟಳು.

"ಮೇಡಂ... ನನ್ನ ಪೊರಕೆ ಎಲ್ಲಾನೂ ಸುತ್ತಿ ಬರೋಕೆ ತಗೊಳ್ಳೋದು ಮೂರು ಸೆಕೆಂಡ್."

"ಇಲ್ಲಿ?"

"ಐದೂ ನಾಲ್ಕಕ್ಕೆ ಶುರು. ಐದೂ ಐವತ್ತೆಂಟಕ್ಕೆ ಕೊನೆ. ಐವತ್ನಾಲ್ಕು ನಿಮಿಷ." ಅವಳು ಸಾಲುಗಳ ಮೇಲೆ ಬೆರಳು ಇಳಿಸಿದಳು. "ಇದು ಕೈ. ಯಾರೋ ಕೂತು ಕೈಯಲ್ಲಿ ಅಳಿಸಿದಾರೆ. ಒಂದೊಂದೇ ಕಿವಿ."

"ಎಲ್ಲಾನೂ ಒಟ್ಟಿಗೆ ಅಳಿಸಬಹುದಿತ್ತಲ್ಲ?"

"ಹಂಗೆ ಮಾಡೋಕೆ ಗೊತ್ತಿರಬೇಕು. ಗೊತ್ತಿಲ್ಲದವರು ಒಂದೊಂದನ್ನೇ ತೆರೆದು ಅಳಿಸಬೇಕು."

"ಯಾವ ಕ್ರಮ? ನಿನ್ನ ಮೂವತ್ಮೂರು, ಆರು, ಇಪ್ಪತ್ತೊಂದು?"

"ಅಲ್ಲ. ನಾಲ್ಕು, ಐದು, ಒಂದು, ಹತ್ತೊಂಬತ್ತು, ಒಂಬತ್ತು, ಮೂವತ್ತೊಂದು..." ಬುಪೆ ಹುಬ್ಬು ಗಂಟಿಕ್ಕಿದಳು. "ಇದಕ್ಕೆ ತಲೇನೂ ಇಲ್ಲ ಬಾಲಾನೂ ಇಲ್ಲ. ಗಾಬರೀಲಿ ಎಲ್ಲಿ ಕೈ ಹೋಯ್ತೋ ಅಲ್ಲಿ ಅಳಿಸಿದಾರೆ."

ಲೊಂಬೆ ಕಾಗದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಮೂವತ್ತಾರರಲ್ಲಿ ಒಂದನ್ನೂ ಬಿಟ್ಟಿಲ್ಲ. ಗಾಬರಿಯಾದವನು ಯಾವುದಾದ್ರೂ ಒಂದನ್ನ ಮರೀತಾನೆ, ಇಲ್ಲ ಒಂದಕ್ಕೇ ಎರಡು ಸಲ ಹೋಗ್ತಾನೆ. ಇದು ಗಾಬರಿ ಅಲ್ಲ. ಇಲ್ನೋಡು. ಮೂವತ್ತನೇ ಸಾಲು ಆದ್ಮೇಲೆ ಹನ್ನೊಂದು ನಿಮಿಷ ಏನೂ ಇಲ್ಲ. ಆಮೇಲೆ ಉಳಿದ ಆರು."

"ಯಾರಾದ್ರೂ ಒಳಗೆ ಬಂದಿರಬೇಕು. ಸಿಚೋನೆ ಅವರು ಫೋನಿಗೆ—"

"ಸಿಚೋನೆ ಬಂದಿದ್ದು ಐದೂಕಾಲಿಗೆ. ಈ ಹನ್ನೊಂದು ನಿಮಿಷ ಶುರುವಾಗೋದು ಐದೂ ನಲವತ್ತಕ್ಕೆ." ಅವರು ಕಾಗದವನ್ನು ಮಡಚಿ ಬುಪೆಗೇ ಕೊಟ್ಟರು. "ನೀನು ಯಾವತ್ತಾದ್ರೂ ಕೆಳಗೆ ಇಳಿದಿದೀಯಾ?"

"ಇಲ್ಲ ಮೇಡಂ. ನಂದು ಮೇಲಿನ ಕೆಲಸ."

"ನಾಳೆ ಇಳಿಯೋಣ. ನಂಗೆ ಆ ಕಿವಿಗಳನ್ನ ನೋಡ್ಬೇಕು. ತೋರಿಸೋಕೆ ಆ ತಾತನ್ನ ಕರಿ."

* * *

ಬುಧವಾರ ಬೆಳಿಗ್ಗೆ ಮೂವರೂ ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದರು. ಸಿಡಿತದ ಮೇಲೆ ಗಣಿ ಮುಚ್ಚಿತ್ತು. ಗಣಿಯ ಬಾಯಲ್ಲಿ ಕಾವಲಿನವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಕೇಜು ಇಳಿದಂತೆ ಬೆಳಗಿನ ಚಳಿ ಮೇಲೆಯೇ ಉಳಿಯಿತು. ಕೆಳಗೆ ಬಿಸಿ, ಒದ್ದೆ ಗಾಳಿ ಮುಖಕ್ಕೆ ಬಡಿಯಿತು.

"ನೀವು ದಿನಾ ಹೋಗೋ ಹಂಗೇ ಹೋಗಿ ತಾತಾ. ನಮಗೋಸ್ಕರ ದಾರಿ ಬದಲಿಸಬೇಡಿ."

"ಅದೊಂದೇ ದಾರಿ ಇರೋದು, ತಾಯಿ."

ಬಾಶಿ ಮ್ವಾಕಾ ಮುಂದೆ ನಡೆದರು. ಅವರ ಟೋಪಿಯ ದೀಪ ಸುರಂಗದ ಗೋಡೆ ಸವರುತ್ತ ಹೋಗಿ ಒಂದು ಕಡೆ ನಿಂತಿತು. ಅಂಗೈ ಅಗಲದ ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು.

ನಾಲ್ಕು.

"ಮೊದಲನೇದು ನಾಲ್ಕು ಯಾಕೆ?" ಲೊಂಬೆ ಕೇಳಿದರು.

"ನಂಬರು ಕೊಟ್ಟಿದ್ದು ನೆಟ್ಟ ವರ್ಷದ ಪ್ರಕಾರ. ಜಾಗದ ಪ್ರಕಾರ ಅಲ್ಲ."

ಮುಂದೆ ಐದು. ತಿರುವಿನಲ್ಲಿ ಒಂದು.

ಬುಪೆಯ ಕೈಯಲ್ಲಿದ್ದ ಕಾಗದ ಸದ್ದು ಮಾಡಿತು. ಅವಳು ಮಡಿಕೆ ಬಿಚ್ಚಿರಲಿಲ್ಲ. ಬಿಚ್ಚುವುದು ಬೇಡವೂ ಆಗಿತ್ತು. ಹತ್ತೊಂಬತ್ತು ಬರಬಾರದು ಎಂದುಕೊಂಡಳು. ದೀಪ ಗೋಡೆಯ ಮೇಲೆ ಸರಿಯಿತು, ನಿಂತಿತು.

ಹತ್ತೊಂಬತ್ತು.

ಒಂಬತ್ತು. ಮೂವತ್ತೊಂದು. ಹನ್ನೆರಡು. ಎರಡು. ಅವಳು ಕಾಗದ ಬಿಚ್ಚಿ ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದಳು. ಪಟ್ಟಿಯಲ್ಲಿ ಒಂದು ಸಾಲೂ ಹಿಂದೆ ಮುಂದೆ ಆಗಲಿಲ್ಲ. ಎರಡು ಗಂಟೆ ನಡೆದರು. ಬಾಶಿ ಮ್ವಾಕಾ ಎಲ್ಲೂ ತಡವರಿಸಲಿಲ್ಲ. ಕತ್ತಲಲ್ಲಿ ಅವರ ಪಾದಕ್ಕೆ ಎಲ್ಲವೂ ಗೊತ್ತಿತ್ತು. ಆದರೆ ಉಸಿರು ಮಾತ್ರ ಹರಿದ ಗೋಣಿಯಂತೆ ಸಿಳ್ಳು ಹಾಕುತ್ತಿತ್ತು.

ಹದಿನೇಳನೇ ನಂಬರಿನ ಕಿವಿ ಮೂವತ್ತನೆಯದಾಗಿ ಬಂತು. ಅಲ್ಲಿಗೆ ಸುರಂಗ ಮುಗಿದು ಕೆಳಕ್ಕೆ ಕಬ್ಬಿಣದ ಏಣಿ ಇಳಿಯುತ್ತಿತ್ತು. ಏಣಿಯ ಬಾಯಿಗೆ ಅಡ್ಡಡ್ಡ ಮರದ ದಿಮ್ಮಿ ಬಡಿದಿದ್ದರು. ಏಳು ಜನ ಸತ್ತದ್ದು ಅದರ ಕೆಳಗೆ.

ಬಾಶಿ ಮ್ವಾಕಾ ದಿಮ್ಮಿಗೆ ಕೈಯೂರಿ ನಿಂತರು.

"ಕೆಳಗೆ ಇನ್ನೆಷ್ಟಿವೆ ತಾತಾ?"

"ಆರು."

"ಯಾವ್ಯಾವು?"

"ಇಪ್ಪತ್ತೆರಡು, ಹದಿನಾಲ್ಕು, ಮೂವತ್ತು, ಎಂಟು, ಮೂವತ್ತೈದು, ಇಪ್ಪತ್ತೇಳು." ಕಣ್ಣು ಮುಚ್ಚಿಕೊಂಡು ಹೇಳಿದರು, ಒಂದೊಂದರ ಮುಂದೆಯೂ ನಿಂತು ಹೇಳಿದಂತೆ.

"ಓದು ಬುಪೆ," ಎಂದರು ಇನ್ಸ್‌ಪೆಕ್ಟರ್. "ಕೊನೆಯ ಆರು ಸಾಲು."

ಬುಪೆ ಕಾಗದವನ್ನು ದೀಪದ ಬೆಳಕಿಗೆ ಹಿಡಿದಳು. "ಇಪ್ಪತ್ತೆರಡು. ಹದಿನಾಲ್ಕು. ಮೂವತ್ತು..." ಉಳಿದ ಮೂರನ್ನು ಬೆರಳಿಟ್ಟು ತೋರಿಸಿದಳು.

ಲೊಂಬೆ ಒಂದು ದಿಮ್ಮಿಯ ಮೇಲೆ ಕೂತರು. ಅವರ ದನಿಯಲ್ಲಿ ಗೆದ್ದ ಭಾವವೇನೂ ಇರಲಿಲ್ಲ.

"ತಾತಾ, ಶನಿವಾರ ಸಂಜೆ ಆ ಫೋಲ್ಡರುಗಳು ಯಾವ ಕ್ರಮದಲ್ಲಿ ಖಾಲಿಯಾದವು ಅನ್ನೋದು ಈ ಹುಡುಗಿ ಕೈಯಲ್ಲಿದೆ. ಅವಳ ಪ್ರೋಗ್ರಾಂ ಹೋಗಿದ್ರೆ ಮೂವತ್ಮೂರರಿಂದ ಶುರು ಮಾಡಿ ಮೂರು ಸೆಕೆಂಡಲ್ಲಿ ಮುಗಿಸ್ತಿತ್ತು. ಇಂಜಿನಿಯರ್ ಅಳಿಸಿದ್ರೆ ಅವನ ಪಟ್ಟಿ ಇರೋ ಹಂಗೆ ಒಂದು, ಎರಡು, ಮೂರು. ಸಿಚೋನೆಗೆ ಈ ಪೆಟ್ಟಿಗೆಗಳು ಎಲ್ಲಿವೆ ಅಂತಾನೇ ಗೊತ್ತಿಲ್ಲ, ಐದೇ ನಿಮಿಷ ಇದ್ದವನು. ನಾಲ್ಕು, ಐದು, ಒಂದು, ಹತ್ತೊಂಬತ್ತು—ಈ ಕ್ರಮ ಕಂಪ್ಯೂಟರಲ್ಲಿ ಎಲ್ಲೂ ಇಲ್ಲ. ಇಲ್ಲಿದೆ. ಈ ನೆಲದ ಮೇಲಿದೆ. ದಿನಾ ಕಾಲಲ್ಲಿ ನಡೆಯೋನ ತಲೇಲಿದೆ. ಅಳಿಸಿದ್ದು ನೀವು."

ಸುರಂಗದಲ್ಲಿ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

"ಹೌದು," ಎಂದರು ಬಾಶಿ ಮ್ವಾಕಾ.

"ಇಲ್ಲಿಗೆ ಬಂದು ಹನ್ನೊಂದು ನಿಮಿಷ ನಿಲ್ಲಿಸಿದ್ರಿ. ಯಾಕೆ?"

"ಈ ಏಣಿ ಹತ್ರ ಬಂದ್ಮೇಲೆ ಕೈ ಏಳಲಿಲ್ಲ."

ಬುಪೆ ಕೂಗಿದಳು. ಅದು ತನ್ನ ದನಿಯೇ ಎಂದು ಅವಳಿಗೆ ಗೊತ್ತಾಗಲಿಲ್ಲ. "ಯಾಕೆ ಬಾಶಿ ಮ್ವಾಕಾ? ನನ್ನ ಮೇಲೆ ಹಾಕಿದ್ರಲ್ಲ! ನನ್ನ ಮೇಲೆ!"

"ಎಲ್ಲ ಕಿವೀದೂ ಅಳಿಸಿದ್ರೆ ಯಂತ್ರದ ತಪ್ಪು ಅಂತಾರೆ ಅಂದ್ಕೊಂಡೆ, ಮಗಳೇ. ನಿನ್ನ ಹೆಸರು ಬರುತ್ತೆ ಅಂತ... ಗೊತ್ತಿತ್ತು. ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ." ಅವರು ನೆಲಕ್ಕೆ ಕುಸಿದು ಕೂತರು. "ತೊಂಬತ್ತು ಅಡಿ ಏಣಿ ಇದು. ಏಪ್ರಿಲ್ ಕೊನೇಲಿ ಒಂದು ದಿನ ಅರ್ಧ ಹತ್ತಿ ಬಂದವನಿಗೆ ಉಸಿರೇ ಬರಲಿಲ್ಲ. ಬಾಯಿಂದ ರಕ್ತ ಬಂತು. ಜೊತೆಗೊಬ್ಬ ಆಳು ಕೊಡಿ ಅಂತ ಸಿಚೋನೆಗೆ ಮೂರು ಸಲ ಕೇಳಿದೀನಿ. 'ಆಗದಿದ್ರೆ ಹೇಳು, ಮನೆಗೆ ಕಳಿಸ್ತೀನಿ' ಅಂದ. ಮನೆ ಅಂದ್ರೆ ಯಾವುದು? ಕೂತಿರೋ ಮನೇನೂ ಗಣ...ಗಣಿಯದ್ದೇ." ಕೆಮ್ಮು ಅವರನ್ನು ಅಲ್ಲಾಡಿಸಿತು. "ಮೇ ಒಂದರಿಂದ ನಾನು ಈ ಏಣಿ ಇಳೀಲಿಲ್ಲ. ಏಪ್ರಿಲ್ ಮೂವತ್ತರ ಸದ್ದನ್ನೇ ದಿನಾ ಹೊಸ ತಾರೀಕು ಹಾಕಿ ಆರು ಕಿವಿಗೂ ಇಟ್ಟೆ. ನಾಳೆ ಇಳೀತೀನಿ, ನಾಳೆ ಇಳೀತೀನಿ ಅಂತ."

"ಹದಿನಾರು ದಿನ," ಎಂದರು ಲೊಂಬೆ. "ಆರು ಕಿವಿ, ಹದಿನಾರು ದಿನ ಒಂದೇ ಸದ್ದು. ತೆರೆದು ನೋಡಿದವರಿಗೆ ಒಂದು ಗಳಿಗೇಲಿ ಗೊತ್ತಾಗ್ತಿತ್ತು. ಹಸಿರಿದೆ ಅಂತ ಯಾರೂ ತೆರೀಲಿಲ್ಲ. ಮ್ಯಾಜಿಸ್ಟ್ರೇಟರು ಕಳಿಸೋ ತಜ್ಞರು ತೆರೀತಾರೆ ಅಂತ ನೀವು ಹೆದರಿದ್ರಿ."

"ಹೌದು ತಾಯಿ."

ಬುಪೆ ಅವರ ಎದುರಿಗೆ ಕೂತಳು. ದೀಪದ ಬೆಳಕು ನೇರ ಅವರ ಮುಖಕ್ಕೆ ಬೀಳುತ್ತಿತ್ತು. ಅವಳು ಅದನ್ನು ಆ ಕಡೆಗೆ ತಿರುಗಿಸಲಿಲ್ಲ.

"ಅಣ್ಣ ಹೋಗೋ ಮುಂಚೆ ನಿಮ್ಮನ್ನ ಕಂಡಿದ್ನಾ?"

"ಕೇಜಿನ ಹತ್ರ ಸಿಕ್ಕ. ಕೇಳಿದ. 'ಬಾಶಿ ಮ್ವಾಕಾ, ಕೆಳಗೆ ಬಂಡೆ ಏನಂತಿದೆ?' ಅಂತ. ದಿನಾ ಕೇಳೋನು, ತಮಾಷೆಗೆ." ಅವರು ಮುಖ ಮುಚ್ಚಿಕೊಂಡರು. "ಮಲಗಿದೆ, ಹೋಗು ಅಂದೆ."

* * *

ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಬಾಶಿ ಮ್ವಾಕಾ ತಾವಾಗಿ ಹೋಗಿ ಪೊಲೀಸ್ ಜೀಪಿನ ಹಿಂದಿನ ಸೀಟಿನಲ್ಲಿ ಕೂತರು. ಹತ್ತುವಾಗ ಎರಡು ಸಲ ನಿಂತು ಉಸಿರು ಎಳೆದುಕೊಂಡರು.

"ಸಿಚೋನೆ? ಕಪೆಂಬ್ವಾ?" ಬುಪೆ ಕೇಳಿದಳು. "ಅವರದ್ದು ಏನೂ ಇಲ್ವಾ?"

"ಅಳಿಸಿದ್ದು ಯಾರು ಅನ್ನೋದನ್ನ ಹುಡುಕೋಕೆ ನನ್ನ ಕಳಿಸಿದ್ರು. ಹುಡುಕಿದೆ." ಲೊಂಬೆ ಮೂಗು ಒರೆಸಿಕೊಂಡರು. "ಮೂರು ಸಲ ಆಳು ಕೇಳಿದ್ದು, ಕೊಡದೇ ಇದ್ದದ್ದು, ಹಸಿರು ನೋಡಿ ಸುಮ್ಮನಾಗಿದ್ದು, ಎಲ್ಲ ಬರೆದು ಕೊಡ್ತೀನಿ. ಕೊಂದಿದ್ದು ಯಾರು ಅಂತ ಹೇಳೋದು ಮ್ಯಾಜಿಸ್ಟ್ರೇಟರಿಗೆ ಬಿಟ್ಟಿದ್ದು. ನನ್ನ ಕೈಲಿ ಇದ್ದಿದ್ರೆ ಒಂದೇ ಹೆಸರು ಬರೆದು ಮುಗಿಸ್ತಿರಲಿಲ್ಲ." ಜೀಪು ಹತ್ತುವ ಮುಂಚೆ ತಿರುಗಿ ನೋಡಿದರು. "ನಿನ್ನ ಪೊರಕೆ ಸರಿಯಾಗಿದೆ ಕಣಮ್ಮ. ಅದನ್ನೂ ಬರೀತೀನಿ."

ಆ ಮಾತಿಗೆ ಸಂತೋಷವಾಗಬೇಕಿತ್ತು. ಬುಪೆಗೆ ಏನೂ ಆಗಲಿಲ್ಲ.

ಅವಳು ನಡೆದುಕೊಂಡೇ ಅಣ್ಣನ ಮನೆಗೆ ಹೋದಳು. ಬನಾ ಸುವಿ ಅಂಗಳದ ನಲ್ಲಿಯ ಹತ್ತಿರ ಬಟ್ಟೆ ನೆನೆಹಾಕುತ್ತಿದ್ದಳು. ಈ ಸಲ ಹೋಗು ಎನ್ನಲಿಲ್ಲ. ನಾದಿನಿಯ ಮುಖ ನೋಡಿ ಕೈ ನಿಲ್ಲಿಸಿದಳು. ಬುಪೆ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಏಣಿ, ರಕ್ತ, ಹಳೆಯ ಸದ್ದು, ಹೊಸ ತಾರೀಕು. ಕೇಜಿನ ಹತ್ತಿರ ಚಿಲೆಕ್ವಾ ಕೇಳಿದ್ದನ್ನೂ ಹೇಳಿದಳು. ಅದನ್ನು ಬಿಟ್ಟುಬಿಡೋಣ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಬಾಯಿಗೆ ಬಂದಾಗ ತಡೆಯಲಾಗಲಿಲ್ಲ.

"ಹಂಗಾದ್ರೆ," ಬನಾ ಸುವಿ ತಡೆದು ತಡೆದು ಕೇಳಿದಳು, "ಬಂಡೆ ಮೊದಲೇ ಹೇಳಿತ್ತಾ?"

"ಗೊತ್ತಿಲ್ಲ ಅತ್ತಿಗೆ. ಇನ್ನು ಯಾವತ್ತೂ ಗೊತ್ತಾಗಲ್ಲ. ಆ ಆರು ಪೆಟ್ಟಿಗೇನೂ ಬಂಡೆ ಕೆಳಗೇ ಇವೆ."

"ನನ್ನ ಮನೇಲಿ ನಾಲ್ಕು ದಿನ ಕೂತಿದ್ದರು ಆ ಮನುಷ್ಯ. ಸಾವಿನ ಮನೆಯ ಬೆಂಕಿ ಆರದ ಹಾಗೆ ಸೌದೆ ಹಾಕಿದ್ರು. ನಾನೇ ಕೈಯಾರೆ ಊಟ ಬಡಿಸಿದೆ." ಅವಳು ಒದ್ದೆ ಕೈಯಿಂದ ಹಣೆ ಒರೆಸಿಕೊಂಡಳು. "ತಿನ್ನಲಿಲ್ಲ. ದುಃಖಕ್ಕೆ ಅಂದ್ಕೊಂಡೆ."

ಅವಳು ಮತ್ತೆ ನೆಲಕ್ಕೆ ಕೂತು ಬಟ್ಟೆ ತಿಕ್ಕಲು ಶುರುಮಾಡಿದಳು. ಮಗುವಿನ ಲಂಗಗಳ ನಡುವೆ ದೊಡ್ಡದೊಂದು ಕೆಲಸದ ಅಂಗಿ ಇತ್ತು. ಅದನ್ನು ಎತ್ತಿಕೊಂಡವಳು ತಿಕ್ಕಲೂ ಆಗದೆ ಬಿಡಲೂ ಆಗದೆ ಹಿಡಿದುಕೊಂಡೇ ಕೂತಳು. ಬುಪೆ ನಲ್ಲಿಯಿಂದ ಒಂದು ಬಕೆಟ್ ನೀರು ತುಂಬಿಸಿ ತಂದು ಪಕ್ಕದಲ್ಲಿ ಕೂತಳು. ಅಂಗಿಯ ಒಂದು ತೋಳು ಹಿಡಿದಳು. ಬನಾ ಸುವಿ ಇನ್ನೊಂದು ತೋಳು ಹಿಡಿದಳು. ಇಬ್ಬರೂ ಸೇರಿ ಅದನ್ನು ಹಿಂಡಿದರು.